ವಾರದ ಚೀಟಿ ಬರೆಯುವ ಮುನ್ನ

"ಇವತ್ತು ಏನು ಅಡುಗೆ?" ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇನ್ನೊಂದಿರಲಾರದು. ದಿನಕ್ಕೆ ಮೂರು ಹೊತ್ತು ಎಂದರೂ ವರ್ಷಕ್ಕೆ 1095 ಸಲ. ಸಂಜೆಯ ಚಹಾದ ಜೊತೆಗಿನ ತಿಂಡಿಯನ್ನು ಇದರಲ್ಲಿ ಸೇರಿಸಿಲ್ಲ. ಅಡುಗೆ ಮಾಡುವುದು ಕೈಯ ಕೆಲಸ. ಏನು ಮಾಡಬೇಕೆಂದು ಯೋಚಿಸುವುದು ತಲೆಯ ಕೆಲಸ. ಕೈಯ ಕೆಲಸಕ್ಕೆ ಯಾರಾದರೂ ಜೊತೆಗೆ ಬರುತ್ತಾರೆ. ಮಗಳು ಈರುಳ್ಳಿ ಸುಲಿದು ಕೊಡುತ್ತಾಳೆ, ಅತ್ತೆ ತೆಂಗಿನಕಾಯಿ ತುರಿದು ಕೊಡುತ್ತಾರೆ. ತಲೆಯ ಕೆಲಸಕ್ಕೆ ಮಾತ್ರ ಯಾರೂ ಬರುವುದಿಲ್ಲ. ಬಟ್ಟೆ ಒಗೆಯುವಾಗಲೂ ಮಗುವನ್ನು ಮಲಗಿಸುವಾಗಲೂ ಅದು ಒಳಗೊಳಗೇ ನಡೆಯುತ್ತಿರುತ್ತದೆ. ಹುಣಸೆಹುಳಿ ಮುಗಿಯಿತೇ? ದೋಸೆಗೆ ಅಕ್ಕಿ ನೆನೆಹಾಕಿದೆನೇ? ರಾತ್ರಿಗೆ ಮೀನು ಬಂದೀತೇ?

ಈ ಭಾರವನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಇಳಿಸಿಕೊಳ್ಳಲು ಸಾಧ್ಯವಿದೆ. ವಾರದ ಅಡುಗೆಯ ಪಟ್ಟಿ ಮಾಡಿ ಎಂದರೆ ಹಲವು ಸಹೋದರಿಯರು ನಗುತ್ತಾರೆ. "ಪಟ್ಟಿ ಹಾಸ್ಟೆಲಿಗೆ ಸರಿ, ಮನೆಗೆ ಯಾಕೆ?" ಎನ್ನುತ್ತಾರೆ. ಅವರ ನಗುವಿಗೆ ಕಾರಣವಿದೆ. ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ಬರುವ ಪಟ್ಟಿಗಳು ನಮ್ಮ ಅಡುಗೆ ಕೋಣೆಯನ್ನು ಕಂಡವರು ಮಾಡಿದ್ದಲ್ಲ. ಸೋಮವಾರ ಓಟ್ಸ್, ಮಂಗಳವಾರ ಸಲಾಡ್, ಬುಧವಾರ ಸೂಪ್ ಎಂದು ಬರೆದರೆ ಬುಧವಾರಕ್ಕೆ ಮುನ್ನವೇ ಅದು ಒಲೆಯ ಬೂದಿ ಸೇರುತ್ತದೆ. ಪೇಟೆಗೆ ಮೀನು ಬಂದರೆ ಒಂದು ಅಡುಗೆ, ಬಾರದಿದ್ದರೆ ಇನ್ನೊಂದು. ಊರಿನಿಂದ ಚಿಕ್ಕಪ್ಪ ಬಂದರೆ ಮತ್ತೊಂದು. ಇಂತಹ ಮನೆಗೆ ಹೊಂದುವ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು.

ಮೊದಲಿಗೆ, ನಮ್ಮಲ್ಲಿ ಅಡುಗೆ ಮಾಡುವವರು ಒಬ್ಬರು, ಸಾಮಾನು ತರುವವರು ಇನ್ನೊಬ್ಬರು. ಮೀನು, ಮಾಂಸ, ದಿನಸಿ ತರುವುದು ಹೆಚ್ಚಾಗಿ ಗಂಡಸರು. ಗಂಡ ಗಲ್ಫಿನಲ್ಲಿದ್ದರೆ ಮೈದುನ ಅಥವಾ ಹೈಸ್ಕೂಲಿನ ಮಗ. ಹೀಗಾಗಿ ನಮ್ಮ ಮನೆಯ ಯೋಜನೆ ಎಂದರೆ ಕೊನೆಗೆ ಒಂದು ಚೀಟಿ. ಈಗ ಅದು ವಾಟ್ಸ್ಆ್ಯಪಿನಲ್ಲಿ ಹೋಗುತ್ತದೆ ಅಷ್ಟೆ. ಆ ಚೀಟಿ ಹೇಗಿರುತ್ತದೆಂದು ನೋಡಿ: "ಮೀನು, ತರಕಾರಿ, ಮೊಟ್ಟೆ." ಸಂಜೆ ಪೇಟೆಯಿಂದ ಫೋನ್ ಬರುತ್ತದೆ, "ಮೀನು ಯಾವುದು ತರಲಿ?" ಕೈಯಲ್ಲಿ ಹಿಟ್ಟು ಮೆತ್ತಿಕೊಂಡ ನಾವು, "ಯಾವುದಾದರೂ ತನ್ನಿ" ಎಂದುಬಿಡುತ್ತೇವೆ. ಆ "ಯಾವುದಾದರೂ" ರಾತ್ರಿ ಎಂಟು ಗಂಟೆಗೆ ಎರಡು ಕಿಲೋ ಸಣ್ಣ ಬೂತಾಯಿಯಾಗಿ, ಶುಚಿ ಮಾಡದೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂಬ ಸಂತೋಷ ತಂದವರಿಗೆ. ಹತ್ತು ಗಂಟೆಯವರೆಗೆ ಮೀನು ಕತ್ತರಿಸುತ್ತಾ ಕೂರುವುದು ನಮಗೆ.

ಚೀಟಿ ಬರೆಯುವುದನ್ನು ಕಲಿಯಬೇಕು. ಅದರಲ್ಲಿ ಅಳತೆ ಇರಲಿ, ಬೆಲೆಯ ಮಿತಿ ಇರಲಿ, ಸಿಗದಿದ್ದರೆ ಬದಲಿಗೆ ಏನು ಎಂಬುದೂ ಇರಲಿ. "ಬಂಗುಡೆ 10. ದುಬಾರಿಯಾದರೆ ಬೂತಾಯಿ 1 ಕಿಲೋ, ಶುಚಿ ಮಾಡಿಸಿ. ಎರಡೂ ತಾಜಾ ಇಲ್ಲದಿದ್ದರೆ ಮೀನು ಬೇಡ, ಮೊಟ್ಟೆ 12." ಹೀಗೆ ಬರೆದರೆ ಪೇಟೆಯಿಂದ ಫೋನ್ ಬರುವುದಿಲ್ಲ. ಬಂಗುಡೆಯನ್ನು ಕಿಲೋ ಲೆಕ್ಕದಲ್ಲಿ ಬರೆಯದೆ ಎಣಿಕೆಯಲ್ಲಿ ಬರೆಯಿರಿ. ಮೀನಿನ ಗಾತ್ರಕ್ಕೆ ತಕ್ಕಂತೆ ಕಿಲೋಗೆ ಏರುವ ಸಂಖ್ಯೆ ಬದಲಾಗುತ್ತದೆ, ನಮಗೆ ಬೇಕಾದದ್ದು ತಟ್ಟೆಗಳ ಲೆಕ್ಕ. ಸೊಪ್ಪಿನ ವಿಷಯದಲ್ಲೂ ಹಾಗೆಯೇ. "ಸೊಪ್ಪು" ಎಂದು ಬರೆದರೆ ಕೊತ್ತಂಬರಿ ಸೊಪ್ಪು ಮಾತ್ರ ಬರುತ್ತದೆ. "ಹರಿವೆ 2 ಕಟ್ಟು, ಬಸಳೆ 1 ಕಟ್ಟು" ಎಂದು ಬರೆದರೆ ಹರಿವೆಯೂ ಬಸಳೆಯೂ ಬರುತ್ತವೆ.

ಇನ್ನು ಪಟ್ಟಿಯ ವಿಷಯ. ಕ್ಯಾಲೆಂಡರಿನ ವಾರ ಎಲ್ಲಿಂದ ಶುರುವಾದರೂ ನಮ್ಮ ಅಡುಗೆ ಕೋಣೆಯ ವಾರ ಶುಕ್ರವಾರದಿಂದ ಶುರುವಾಗುತ್ತದೆ. ಜುಮಾ ನಮಾಝ್ ಮುಗಿಸಿ ಬರುವವರಿಗೆ ಅಂದು ಮಧ್ಯಾಹ್ನ ವಿಶೇಷ ಊಟ. ವಾರದ ದೊಡ್ಡ ಖರ್ಚೂ ದೊಡ್ಡ ಕೆಲಸವೂ ಅದೇ. ಆದ್ದರಿಂದ ಚೀಟಿ ಬರೆಯುವ ದಿನ ಗುರುವಾರ. ಅಂದು ಬೆಳಿಗ್ಗೆ ಪೆನ್ನು ಹಿಡಿಯುವ ಮೊದಲು ಫ್ರಿಜ್ಜಿನ ಬಾಗಿಲು ತೆರೆಯಿರಿ, ಡಬ್ಬಗಳನ್ನು ಅಲುಗಾಡಿಸಿ ನೋಡಿ. ಮೂರು ಡಬ್ಬಗಳಲ್ಲಿ ಕಾಲುಕಾಲು ಕಿಲೋ ಕಡಲೆ ಬಿದ್ದಿರುವಾಗ ನಾಲ್ಕನೆಯ ಬಾರಿ ಕಡಲೆ ತರಿಸುವುದು ನಮ್ಮಲ್ಲಿ ಅಪರೂಪವೇನಲ್ಲ. ಮನೆಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ, ಅದರಿಂದ ಏನು ಮಾಡಬಹುದೆಂದು ಬರೆಯಿರಿ, ಉಳಿದದ್ದನ್ನು ಮಾತ್ರ ಚೀಟಿಗೆ ಸೇರಿಸಿ. ಇದನ್ನು ತಿರುಗಿಸಿ ಮಾಡುವುದರಿಂದಲೇ ಅರ್ಧದಷ್ಟು ದುಂದು.

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಸಕ್ಕರೆ ಕಾಯಿಲೆ ಇರುವ ಅತ್ತೆ, ಎಂಟನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ. ದಕ್ಷಿಣ ಕನ್ನಡದ ಯಾವ ಊರಿನಲ್ಲಾದರೂ ಕಾಣುವ ಮನೆ. ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಹೋಗಿ ಬಂದು ಶಾಲೆಗೆ ಓಡುವವರು. ಆದ್ದರಿಂದ ಇವರಿಗೆ ಬೆಳಗ್ಗಿನ ತಿಂಡಿ ಎರಡು ಕಂತಿನಲ್ಲಿ ಬೇಕು. ಮದ್ರಸಕ್ಕೆ ಹೊರಡುವಾಗ ಬರಿಹೊಟ್ಟೆಯಲ್ಲಿ ಕಳಿಸಬಾರದು, ಮರಳಿ ಬಂದಾಗ ಹೊಟ್ಟೆ ತುಂಬಬೇಕು, ಅದಕ್ಕೆ ಸಿಗುವುದು ಇಪ್ಪತ್ತು ನಿಮಿಷ. ವಾರದ ಪಟ್ಟಿಯಲ್ಲಿ ಇದು ಅತಿ ಕಷ್ಟದ ಹೊತ್ತು. ಆದ್ದರಿಂದ ಪಟ್ಟಿಯನ್ನು ಮಧ್ಯಾಹ್ನದ ಊಟದಿಂದ ಆರಂಭಿಸದೆ ಇಲ್ಲಿಂದ ಆರಂಭಿಸಿ. ಮೊದಲ ಕಂತಿಗೆ ಬಾಳೆಹಣ್ಣು, ಒಂದು ಲೋಟ ಹಾಲು ಅಥವಾ ರಾಗಿ ಅಂಬಲಿ ಎಂದು ಒಮ್ಮೆಗೇ ಏಳು ದಿನಕ್ಕೂ ನಿಗದಿ ಮಾಡಿಬಿಡಿ. ದಿನವೂ ಹೊಸತು ಬೇಕಾಗಿಲ್ಲ. ಎರಡನೆಯ ಕಂತಿಗೆ ನೀರುದೋಸೆ, ಉದ್ದಿನ ದೋಸೆ, ಪತ್ತಿರಿ, ಅವಲಕ್ಕಿ, ಪುಟ್ಟು ಇವೇ ಸುತ್ತಿ ಸುತ್ತಿ ಬರಲಿ. ಉದ್ದಿನ ಹಿಟ್ಟು ಒಮ್ಮೆ ರುಬ್ಬಿದರೆ ಫ್ರಿಜ್ಜಿನಲ್ಲಿ ಎರಡು-ಮೂರು ದಿನ ಇರುತ್ತದೆ. ನೀರುದೋಸೆಯ ಹಿಟ್ಟು ಅಂದಂದೇ ಆಗಬೇಕು, ಆದರೆ ಅದಕ್ಕೆ ಹುದುಗುವ ಕಾಟವಿಲ್ಲ.

ಶುಕ್ರವಾರ ಮಧ್ಯಾಹ್ನ ಕೋಳಿ ಬಿರಿಯಾನಿ ಎಂದಿಟ್ಟುಕೊಳ್ಳೋಣ. ಒಂದೂವರೆ ಕಿಲೋ ಕೋಳಿ ಬರಲಿ. ಒಂದು ಕಿಲೋ ಬಿರಿಯಾನಿಗೆ, ಉಳಿದ ಅರ್ಧ ಕಿಲೋ ಉಪ್ಪು, ಅರಿಶಿನ ಹಚ್ಚಿ ಶನಿವಾರದ ಸುಕ್ಕಕ್ಕೆ ಫ್ರಿಜ್ಜಿನೊಳಗೆ. ಮಧ್ಯಾಹ್ನ ಭಾರವಾಗಿ ಉಂಡ ದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ಸಾಕು. ಅತ್ತೆಯ ತಟ್ಟೆಯಲ್ಲಿ ಗಂಜಿ ಕಡಿಮೆ, ಹೆಸರುಕಾಳು ಹೆಚ್ಚು. ಗುರುವಾರ ಬಂದ ಬಸಳೆ, ಹರಿವೆ ಮೊದಲ ಎರಡು-ಮೂರು ದಿನದಲ್ಲೇ ಮುಗಿಯಬೇಕು. ಬಸಳೆಗೆ ಒಂದು ಹಿಡಿ ಸಿಗಡಿ ಬಿದ್ದರೆ ಅದಕ್ಕೆ ಬೇರೆ ಪದಾರ್ಥವೇ ಬೇಡ. ಭಾನುವಾರ ಮೀನು, ಏಕೆಂದರೆ ಅಂದು ಮನೆಯಲ್ಲಿ ಕೈಗಳು ಹೆಚ್ಚು. ಬಂಗುಡೆ ಪುಳಿಮುಂಚಿ ಸ್ವಲ್ಪ ಹೆಚ್ಚೇ ಇರಲಿ. ಮರುದಿನ ಬೆಳಿಗ್ಗೆ ದೋಸೆಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ವಾರದ ನಡುವೆ ಇನ್ನೊಂದು ದಿನ ಮೀನು, ಒಂದು ದಿನ ಮೊಟ್ಟೆ, ಒಂದು ದಿನ ಹುರುಳಿಯ ಸಾರು. ಬೆಂಡೆ, ಅಲಸಂಡೆ, ತೊಂಡೆ ಈ ನಡುವಿನ ದಿನಗಳಿಗೆ. ಸೌತೆಕಾಯಿ, ಸಿಹಿಗುಂಬಳ, ಸುವರ್ಣಗೆಡ್ಡೆ ಬಹಳ ದಿನ ಇರುವ ತರಕಾರಿಗಳು, ಅವನ್ನು ವಾರದ ಕೊನೆಗೆ ಉಳಿಸಿ. ನಮ್ಮ ಅಜ್ಜಿಯಂದಿರು ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತುಹಾಕುತ್ತಿದ್ದದ್ದು ಇದೇ ಲೆಕ್ಕದಿಂದ. ಗುರುವಾರ ಹೊಸ ಅಡುಗೆಯ ಯೋಚನೆಯೇ ಬೇಡ. ಅಂದು ಉಳಿದ ತರಕಾರಿ, ಉಳಿದ ಕಾಳು, ಒಣಸಿಗಡಿ ಚಟ್ನಿ. ಫ್ರಿಜ್ ಬರಿದಾದ ಮೇಲೆ ಒರೆಸುವುದೂ ಸುಲಭ.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಸಹೋದರಿಯರು ಅಕ್ಕಿಯ ಜಾಗದಲ್ಲಿ ಜೋಳ, ಮೀನಿನ ಜಾಗದಲ್ಲಿ ಮೊಟ್ಟೆ, ಬೇಳೆ, ಖೀಮಾ ಎಂದು ಓದಿಕೊಳ್ಳಬಹುದು. ಅಲ್ಲಿ ಸಂತೆಯ ದಿನವೇ ಚೀಟಿಯ ದಿನ.

ಇಷ್ಟು ಬರೆದ ಮೇಲೆ ಅಳತೆಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. 2000 ಕ್ಯಾಲರಿ ಬೇಕಾಗುವ ಒಬ್ಬ ವ್ಯಕ್ತಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೀನು-ಮಾಂಸ-ಮೊಟ್ಟೆ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 27 ಗ್ರಾಂ ಎಣ್ಣೆ-ಕೊಬ್ಬು ಎಂದು ಅದರಲ್ಲಿದೆ. ನಮ್ಮ ಐದು ಜನರ ಮನೆಗೆ ಇದನ್ನು ಗುಣಿಸಿ ನೋಡೋಣ. ಮಕ್ಕಳಿಗೂ ವಯಸ್ಸಾದವರಿಗೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಅಂದಾಜಿಗೆ ಸಾಕು. ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ ತಿಂಗಳಿಗೆ 37 ಕಿಲೋ ಚಿಲ್ಲರೆ. ಬೇಳೆಕಾಳು, ಮೀನು, ಮಾಂಸ, ಮೊಟ್ಟೆ ಎಲ್ಲ ಸೇರಿ ವಾರಕ್ಕೆ ಮೂರು ಕಿಲೋ. ತರಕಾರಿ ವಾರಕ್ಕೆ 14 ಕಿಲೋ. ಹೌದು, ಹದಿನಾಲ್ಕು. ಈ ಗುರುವಾರ ಮನೆಗೆ ಬಂದ ತರಕಾರಿಯ ಚೀಲವನ್ನೊಮ್ಮೆ ತೂಗಿ ನೋಡಿ, ಅದರಲ್ಲಿ ಈರುಳ್ಳಿ-ಬಟಾಟೆ ಎಷ್ಟು, ಉಳಿದದ್ದು ಎಷ್ಟು ಎಂಬುದನ್ನೂ ನೋಡಿ. ಎಣ್ಣೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಐದು ಜನರಿಗೆ ತಿಂಗಳಿಗೆ ಸುಮಾರು ನಾಲ್ಕು ಕಿಲೋ, ಅಂದರೆ ಲೀಟರಿನ ನಾಲ್ಕೂವರೆ ಪೊಟ್ಟಣ. ನಮ್ಮ ಮನೆಗಳಲ್ಲಿ ಎಷ್ಟು ಖಾಲಿಯಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ತೆಂಗಿನಕಾಯಿಯಲ್ಲೂ ಎಣ್ಣೆಯಂಶ ಇದೆ ಎಂಬುದನ್ನು ಸೇರಿಸಿಕೊಂಡು ಲೆಕ್ಕ ಹಾಕಿ. ಉಪ್ಪಿಗೂ ಮಿತಿ ಇದೆ: ಒಬ್ಬರಿಗೆ ದಿನಕ್ಕೆ 5 ಗ್ರಾಂ, ಐದು ಜನರಿಗೆ ತಿಂಗಳಿಗೆ ಮುಕ್ಕಾಲು ಕಿಲೋ. ಉಪ್ಪಿನಕಾಯಿ, ಒಣಮೀನಿನ ಉಪ್ಪೂ ಇದರೊಳಗೇ ಬರಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಮೇಲಿನ ಲೆಕ್ಕದಲ್ಲಿ ಐದು ಜನ ಎಂದೆವು. ಆದರೆ ಹಲವು ಮನೆಗಳ ಚೀಟಿಯಲ್ಲಿ ಇರುವುದು ನಾಲ್ಕೇ ಜನ. ಅತ್ತೆಗೆ ಸಕ್ಕರೆ ಕಾಯಿಲೆಯೆಂದು ಗೋಧಿ ಬರುತ್ತದೆ. ಮಗನಿಗೆ ಇಷ್ಟವೆಂದು ಕೋಳಿಯ ಕಾಲು. ಮಗಳ ಟಿಫಿನ್ನಿಗೆ ಬ್ರೆಡ್ಡು. ಗಂಡನಿಗೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಚೀಟಿ ಬರೆದವಳಿಗೆ ಏನು ಬೇಕು? ಕೇಳಿದರೆ ಅವಳಿಗೇ ನೆನಪಾಗುವುದಿಲ್ಲ. ಹತ್ತು ತುಂಡು ಮೀನು ಹುರಿದರೆ ಎಲ್ಲರಿಗೂ ಎರಡೆರಡು ಬಡಿಸುತ್ತಾಳೆ. ಅಷ್ಟರಲ್ಲಿ ಮೈದುನ ಬಂದರೆ ಅವಳ ಪಾಲು ಅವರ ತಟ್ಟೆಗೆ. "ನನಗೆ ಸಾರು ಸಾಕು" ಎಂಬ ಮಾತು ನಮ್ಮ ಅಡುಗೆ ಕೋಣೆಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿದೆ. ಅತ್ತೆಯೂ ಒಂದು ಕಾಲದಲ್ಲಿ ಹಾಗೆಂದವರೇ. ಎಂಟನೇ ತರಗತಿಯ ಮಗಳು ಅದನ್ನು ನೋಡುತ್ತಾ ಬೆಳೆಯುತ್ತಿದ್ದಾಳೆ.

ಇದರ ಬೆಲೆ ರಕ್ತದಲ್ಲಿ ಕಾಣಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಪುರುಷರಲ್ಲಿ ಶೇ. 25. ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ಶೇ. 59. ರಕ್ತಹೀನತೆಗೆ ಕಾರಣಗಳು ಹಲವು. ಎಲ್ಲವನ್ನೂ ಊಟದ ತಟ್ಟೆಗೆ ಕಟ್ಟುವಂತಿಲ್ಲ. ಆದರೆ ಇನ್ನೊಂದು ಅಂಕಿ ಇದೆ, ಅದನ್ನು ಅಡುಗೆ ಕೋಣೆಯ ಗೋಡೆಗೆ ಅಂಟಿಸಬಹುದು. ಅದೇ ಪೋಷಣಾ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಮಹಿಳೆಗೆ 29 ಮಿಲಿಗ್ರಾಂ. ಪ್ರತಿ ತಿಂಗಳು ಅವಳ ದೇಹ ರಕ್ತ ಕಳೆದುಕೊಳ್ಳುತ್ತದೆ ಎಂಬುದು ಇದಕ್ಕೆ ಕಾರಣ. ಹೆಚ್ಚು ಬೇಕಾದವಳೇ ಕೊನೆಗೆ ಉಣ್ಣುತ್ತಾಳೆ, ತುಂಡುಗಳು ಮುಗಿದ ಮೇಲೆ. ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ಕತ್ತಲಾಗುವುದನ್ನು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ನಾವು ಕೆಲಸದ ದಣಿವು ಎಂದುಕೊಳ್ಳುತ್ತೇವೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಿಮೋಗ್ಲೋಬಿನ್ ನೋಡುತ್ತಾರೆ. ಕಡಿಮೆ ಎಂದು ಗೊತ್ತಾದರೆ ವೈದ್ಯರು ಕೊಟ್ಟ ಮಾತ್ರೆಯನ್ನು ನುಂಗಲೇಬೇಕು, ಊಟ ಒಂದರಿಂದಲೇ ಅದು ಬೇಗ ಸರಿಹೋಗದು.

ಚೀಟಿಯಲ್ಲಿ ಇದಕ್ಕೆ ಏನು ಮಾಡಬಹುದು? ಮೀನು, ಮಾಂಸದಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳುಗಳಲ್ಲಿರುವುದು ಅಷ್ಟು ಸುಲಭವಲ್ಲ, ಆದರೆ ಅದರ ಜೊತೆಗೆ ಲಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಹೆಚ್ಚು ದಕ್ಕುತ್ತದೆ. ಹುರುಳಿ, ಹರಿವೆ, ನುಗ್ಗೆಸೊಪ್ಪು ದುಬಾರಿಯ ಪದಾರ್ಥಗಳಲ್ಲ. ಹಿತ್ತಲಿದ್ದವರಿಗೆ ನುಗ್ಗೆಸೊಪ್ಪಂತೂ ಬಿಟ್ಟಿ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವಿದ್ದರೆ ಅದನ್ನು ಒಂದು ಗಂಟೆ ಮುಂದೂಡಿ, ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ಇನ್ನು ಎಣಿಕೆ. ಐದು ಜನರ ಮನೆಗೆ ಆರು ಜನರ ಲೆಕ್ಕದಲ್ಲಿ ಬರೆಯಿರಿ. ಬರುವ ಒಬ್ಬ ಅತಿಥಿ ನಿಮ್ಮ ಪಾಲಿನಿಂದ ಉಣ್ಣಬೇಕಾಗಿಲ್ಲ. ಬಡಿಸುವ ಮೊದಲೇ ನಿಮ್ಮ ತುಂಡನ್ನೂ ಮಗಳ ತುಂಡನ್ನೂ ಬೇರೆ ಬಟ್ಟಲಿನಲ್ಲಿ ತೆಗೆದಿಡಿ. ಇದನ್ನು ಸ್ವಾರ್ಥ ಎನ್ನುವವರು ಇರಬಹುದು. ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ನೀವೂ ಜೊತೆಗೆ ಕೂತು ಉಣ್ಣುವುದು ಇನ್ನೂ ಒಳ್ಳೆಯದು. ಪಾತ್ರೆ ನಡುವೆ ಇದ್ದರೆ ಯಾರ ತಟ್ಟೆಯಲ್ಲಿ ಏನಿಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ದುಡ್ಡಿನ ಮಾತು ಬಂದಾಗ ಎಲ್ಲ ಯೋಜನೆಗಳೂ ಮುಗ್ಗರಿಸುವುದುಂಟು. ಸಂಬಳ ಬರಲಿ, ಗಲ್ಫಿನಿಂದ ಹಣ ಬರಲಿ, ಅದು ತಿಂಗಳಿಗೊಮ್ಮೆ. ಮೊದಲ ವಾರ ಮಟನ್, ಅಂಜಲ್. ಕೊನೆಯ ವಾರ ಅಂಗಡಿಯ ಸಾಲದ ಪುಸ್ತಕ. ತಿಂಗಳಿಗೆ ನಾಲ್ಕು ವಾರ ಎಂದು ಭಾಗ ಮಾಡುವುದೇ ಇಲ್ಲಿನ ಗಂಟು. ವರ್ಷಕ್ಕೆ 52 ವಾರ; ತಿಂಗಳಿಗೆ ನಾಲ್ಕರಂತೆ ಹಾಕಿದರೆ 48 ಮಾತ್ರ. ಉಳಿದ ನಾಲ್ಕು ವಾರಗಳ ಅಡುಗೆಗೆ ಹಣವನ್ನೇ ತೆಗೆದಿಟ್ಟಿರುವುದಿಲ್ಲ. ಒಂದು ತಿಂಗಳ ಊಟ ಲೆಕ್ಕದಿಂದಲೇ ಮಾಯ! ಆದ್ದರಿಂದ ಅಡುಗೆಯ ಹಣವನ್ನು ತಿಂಗಳ ದಿನಗಳಿಂದ ಭಾಗಿಸಿ, ಏಳರಿಂದ ಗುಣಿಸಿ ವಾರದ ಹಣ ತೆಗೆದಿಡಿ. ಅಕ್ಕಿ, ಎಣ್ಣೆ, ಬೇಳೆ, ಸೋಪಿನಂತಹ ತಿಂಗಳ ದಿನಸಿಯನ್ನು ಮೊದಲೇ ತೆಗೆದ ಮೇಲೆ ಉಳಿದದ್ದಕ್ಕೆ ಈ ಭಾಗಾಕಾರ. ಹಳೆಯ ಲಕೋಟೆಗಳು ಸಾಕು, ಬೇರೆ ಯಾವ ಸಾಧನವೂ ಬೇಡ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೆ ಬರುವ ಹಣ. ಅದು ಬಂದೊಡನೆ ದಿನಸಿ ಅಂಗಡಿಯ ಬಾಕಿಗೆ ಹೋಗುತ್ತಿದ್ದರೆ, ಲಕೋಟೆಯ ಲೆಕ್ಕವನ್ನು ಇನ್ನೊಮ್ಮೆ ಮನೆಯವರ ಮುಂದಿಟ್ಟು ಮಾತಾಡುವುದು ಲೇಸು.

ಅಂಗಡಿಗೆ ಹೋದಾಗ ದೊಡ್ಡ ಅಕ್ಷರದ ರಿಯಾಯಿತಿಯನ್ನು ಬಿಟ್ಟು ಸಣ್ಣ ಅಕ್ಷರವನ್ನು ಓದಿ. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂಬುದನ್ನೂ ಮುದ್ರಿಸಬೇಕೆಂದು ಈಗ ನಿಯಮವಿದೆ. ಒಂದು ಲೀಟರಿನಂತೆ ಕಾಣುವ ಎಣ್ಣೆ ಪೊಟ್ಟಣದಲ್ಲಿ 850 ಮಿಲಿಲೀಟರ್ ಮಾತ್ರ ಇರುವುದೂ ಉಂಟು. ಈ ಸಣ್ಣ ಸಂಖ್ಯೆಯೊಂದನ್ನು ನೋಡಿದರೆ ಮೋಸ ಹೋಗುವುದಿಲ್ಲ. ಹತ್ತು-ಹದಿನೈದು ನಿಮಿಷದಲ್ಲಿ ಮನೆಗೇ ತಂದುಕೊಡುವ ಮೊಬೈಲ್ ಅಂಗಡಿಗಳ ಬಗ್ಗೆ ಒಂದೇ ಮಾತು: ಮರೆತದ್ದನ್ನು ತರಿಸಲು ಅದು ಅನುಕೂಲ, ಆದರೆ ಕೊತ್ತಂಬರಿ ಸೊಪ್ಪು ತರಿಸಲು ಹೋಗಿ ಉಚಿತ ಡೆಲಿವರಿಗೆಂದು ಚಿಪ್ಸ್, ಐಸ್‌ಕ್ರೀಂ ಸೇರಿಸುವುದು ಅನುಕೂಲವಲ್ಲ.

ಮಳೆಗಾಲದ ಚೀಟಿ ಬೇರೆಯೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನುಗಳು ಮೊಟ್ಟೆಯಿಡುವ ಕಾಲ ಅದು. ನಾಡದೋಣಿಯವರು ಹಿಡಿದದ್ದು, ಹೊರಗಿನಿಂದ ಮಂಜುಗಡ್ಡೆಯಲ್ಲಿ ಬಂದದ್ದು ಸಿಗುತ್ತದೆ, ಆದರೆ ಬೆಲೆ ಕೇಳುವಂತಿಲ್ಲ. ಈ ಒಂಬತ್ತು ವಾರಗಳಿಗೆ ಪಟ್ಟಿಯಲ್ಲಿ ಮೀನು ಎಂದು ಬರೆದು ಪ್ರತಿದಿನ ನಿರಾಶರಾಗುವುದಕ್ಕಿಂತ ಏಪ್ರಿಲ್-ಮೇಯಲ್ಲೇ ಒಣಸಿಗಡಿ, ಒಣಮೀನು, ಹಲಸಿನ ಬೀಜ, ಹುರುಳಿ ಕೂಡಿಟ್ಟುಕೊಳ್ಳಿ. ಬೇಳೆಕಾಳನ್ನು ಮಾತ್ರ ಜೂನಿನಲ್ಲಿ ರಾಶಿ ಹಾಕಬೇಡಿ, ತೇವಕ್ಕೆ ಹುಳ ಬೀಳುತ್ತದೆ. ಇದೇ ಕಾಲದಲ್ಲಿ ತರಕಾರಿಯ ಬೆಲೆಯೂ ಏರುವುದುಂಟು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಪೇಟೆಯ ಅಡುಗೆ ಕೋಣೆಗಳೆಲ್ಲ ಕಂಗಾಲಾದವು. ಹುಳಿಗೆ ಟೊಮೆಟೊ ಒಂದೇ ದಾರಿಯೆಂದು ನಮಗೆ ಯಾರು ಹೇಳಿದರು? ಹುಣಸೆ, ಪುನರ್ಪುಳಿ, ಅಂಬಟೆ, ಬಿಂಬುಳಿ ನಮ್ಮ ಕಾಲ ಬುಡದಲ್ಲೇ ಇವೆ. ಮಾರುಕಟ್ಟೆಯಲ್ಲಿ ಒಂದು ವಸ್ತು ಸಿಡಿಮಿಡಿಗೊಂಡಾಗ ಅದನ್ನು ಬಿಟ್ಟು ಅಡುಗೆ ಮಾಡುವ ವಿದ್ಯೆ ನಮ್ಮ ಉಮ್ಮಂದಿರಲ್ಲಿತ್ತು. ಪಕ್ಕದಲ್ಲಿ ಕೂತು ಕೇಳಿಕೊಂಡರೆ ಈಗಲೂ ಸಿಗುತ್ತದೆ.

ಫ್ರಿಜ್ಜಿನ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆ. ಏನಿಟ್ಟರೂ ಕೆಡುವುದಿಲ್ಲ ಎಂದು ಹತ್ತು ದಿನದ ಸಾಂಬಾರ್ ಇಡುವವರು ಒಂದು ಕಡೆ, ಹಿಂದಿನ ದಿನದ್ದನ್ನು ಮುಟ್ಟಲೇಬಾರದು ಎನ್ನುವವರು ಇನ್ನೊಂದು ಕಡೆ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಒಳಗಿಟ್ಟು, ಮರುದಿನ ಕುದಿಯುವಷ್ಟು ಬಿಸಿ ಮಾಡಿ ಉಂಡರೆ ಭಯವಿಲ್ಲ. ಹಸಿ ಮೀನು, ಮಾಂಸವನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟೇ ಸಣ್ಣ ಪೊಟ್ಟಣ ಮಾಡಿ ಚಪ್ಪಟೆಯಾಗಿ ಫ್ರೀಜರಿನಲ್ಲಿಡಿ. ರಾತ್ರಿ ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಹೊರಗಿಟ್ಟು ಕರಗಿಸಿ, ಉಳಿದದ್ದನ್ನು ಮತ್ತೆ ಒಳಗಿಡುವುದು ಬೇಡ. ಕರೆಂಟು ಗಂಟೆಗಟ್ಟಲೆ ಹೋಗುವ ಊರಿನವರು ಫ್ರೀಜರನ್ನು ನಂಬಿ ವಾರದ ಮಾಂಸ ತರಿಸದಿರುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಪಟ್ಟಿ ತಪ್ಪುತ್ತದೆ. ತಪ್ಪಲಿ. ಏಳರಲ್ಲಿ ಐದು ದಿನ ನಡೆದರೆ ಸಾಕು, ಎರಡು ದಿನ ಅತಿಥಿಗಳಿಗೆ, ಜ್ವರಕ್ಕೆ, ಮದುವೆ ಮನೆಯಿಂದ ಬಂದ ಬಿರಿಯಾನಿಗೆ ಬಿಟ್ಟುಕೊಡಿ. ರಮಝಾನಿನ ಪಟ್ಟಿಯನ್ನು ಮಾತ್ರ ಇದರೊಳಗೆ ತುರುಕಬೇಡಿ. ಆ ತಿಂಗಳಿನ ಹೊತ್ತುಗಳೇ ಬೇರೆ, ಹಸಿವೇ ಬೇರೆ. ಅದಕ್ಕೆ ಎರಡು ವಾರ ಮೊದಲೇ ಪ್ರತ್ಯೇಕವಾಗಿ ಕೂರಬೇಕು.

ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಗ ಕೇಳಿದರೆ, "ಅಲ್ಲಿ ಓದು" ಎನ್ನಿ. ವಾರದ ಒಂದು ಹೊತ್ತಿನ ಅಡುಗೆಯನ್ನು ಮಕ್ಕಳು ಆರಿಸಲಿ, ಒಂದನ್ನು ಅತ್ತೆ ಆರಿಸಲಿ, ಒಂದನ್ನು ನೀವು ನಿಮಗೆ ಇಷ್ಟವಾದದ್ದೇ ಬರೆಯಿರಿ, ಯಾರಿಗೂ ಬೇಡದ ಹಾಗಲಕಾಯಿಯಾದರೂ ಸರಿ. ತಿಂಗಳಿಗೊಂದು ಭಾನುವಾರ ಗಂಡನೂ ಮಗನೂ ಮೀನು ಶುಚಿ ಮಾಡುವ ಕೆಲಸ ವಹಿಸಿಕೊಂಡರೆ, ಎರಡು ಕಿಲೋ ಬೂತಾಯಿಯ ಸಮಸ್ಯೆ ಯಾವ ಭಾಷಣವೂ ಇಲ್ಲದೆ ಬಗೆಹರಿಯುತ್ತದೆ. ಹಳೆಯ ಚೀಟಿಗಳನ್ನು ಎಸೆಯದೆ ಒಂದು ಕ್ಲಿಪ್ಪಿಗೆ ಹಾಕಿಡಿ. ಮೂರು ತಿಂಗಳಾದಾಗ ಹನ್ನೆರಡು-ಹದಿಮೂರು ಚೀಟಿಗಳಿರುತ್ತವೆ. ಅವನ್ನೇ ಕ್ರಮವಾಗಿ ಮತ್ತೆ ಬಳಸಬಹುದು, ಹೊಸದಾಗಿ ಯೋಚಿಸುವ ಕೆಲಸ ಅಷ್ಟರ ಮಟ್ಟಿಗೆ ಕಡಿಮೆ.

ಒಣಮೀನನ್ನು ಮಳೆಗಾಲದುದ್ದಕ್ಕೂ ಬೂಸಲು ಬಾರದಂತೆ ಇಡುವುದು ಹೇಗೆಂದು ಕೇಳುವವರಿದ್ದಾರೆ. ಅದನ್ನು ಮುಂದಿನ ತಿಂಗಳು ನೋಡೋಣ.